ನಾಲೆಗೆ ನೀರು ಬಂದ ಮೇಲೂ ಉಳಿದ ಪ್ರಶ್ನೆ

ಮನುಷ್ಯನಿಗೆ ಬೇಕಾದದ್ದು ಏನು ಎಂದು ಯಾರನ್ನಾದರೂ ಕೇಳಿ ನೋಡಿ. ಹಣ, ಕೆಲಸ, ಸ್ವಂತ ಮನೆ, ಆರೋಗ್ಯ ಎಂದು ಒಂದೊಂದಾಗಿ ಹೇಳುತ್ತಾರೆ. ಅವೆಲ್ಲ ಏತಕ್ಕೆ ಎಂದು ಮತ್ತೊಂದು ಪ್ರಶ್ನೆ ಹಾಕಿದರೆ ಉತ್ತರ ಒಂದೇ: ಸುಖವಾಗಿರಲು. ಹಾಗಿದ್ದರೆ ಇವು ಹೆಚ್ಚಿದಂತೆಲ್ಲ ಸುಖವೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕಲ್ಲವೆ? ಹೆಚ್ಚಿದೆಯೆ?

ಪ್ರಶ್ನೆಯನ್ನು ಗಾಳಿಯಲ್ಲಿ ತೇಲಿಬಿಟ್ಟರೆ ಪ್ರಯೋಜನವಿಲ್ಲ. ಒಂದು ಸೀಮೆಯನ್ನು ಹಿಡಿದು ನೋಡೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯ ನೀರಿನಿಂದ ವಿದ್ಯುತ್ತು ತಯಾರಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ದೀಪಗಳು ಬೆಳಗಿದವು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅಲ್ಲಿಂದ ಹೊರಟ ನಾಲೆ (ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ) ಹುಲಿಕೆರೆಯ ಬಳಿ ಸುರಂಗ ಹಾಯ್ದು, 1930ರ ದಶಕದಲ್ಲಿ ಮಂಡ್ಯದ ಒಣ ಹೊಲಗಳಿಗೆ ನೀರು ತಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆ. ರಾಗಿ, ಹುರುಳಿ ಬಿತ್ತಿ ಮುಗಿಲು ನೋಡುತ್ತಿದ್ದ ಸೀಮೆ ಒಂದೇ ತಲೆಮಾರಿನಲ್ಲಿ ಭತ್ತ, ಕಬ್ಬಿನ ಸೀಮೆಯಾಯಿತು. ಹೊಟ್ಟೆ ತುಂಬಿತು, ಮಕ್ಕಳು ಶಾಲೆ ಸೇರಿದರು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದೇ ಜಿಲ್ಲೆಯ ಹೆಸರು 2015ರಲ್ಲಿ ಪತ್ರಿಕೆಗಳಲ್ಲಿ ದಿನವೂ ಬಂದದ್ದು ಬೇರೆಯೇ ಕಾರಣಕ್ಕೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕನ್ನಂಬಾಡಿ ಕಟ್ಟೆ ಕೊನೆಯ ಹಂತಕ್ಕೆ ಬರುತ್ತಿದ್ದ 1929ರ ಬೇಸಿಗೆಯಲ್ಲಿ, ವಿಯೆನ್ನಾ ನಗರದ ಒಬ್ಬ ಎಪ್ಪತ್ತಮೂರು ವರ್ಷದ ವೈದ್ಯರು ಇದೇ ಪ್ರಶ್ನೆಯನ್ನು ಹಿಡಿದು ಒಂದು ಸಣ್ಣ ಪುಸ್ತಕ ಬರೆದರು. ಅವರು ಸಿಗ್ಮಂಡ್ ಫ್ರಾಯ್ಡ್, ಮನೋವಿಶ್ಲೇಷಣೆಯ ಜನಕ. ಪುಸ್ತಕ 1930ರ ತೇದಿಯೊಡನೆ ಹೊರಬಂತು. ಅದಕ್ಕೆ ಮೊದಲು ಅವರು ಯೋಚಿಸಿದ್ದ ಹೆಸರಿನಲ್ಲಿ ‘ದುಃಖ’ ಎಂಬ ಅರ್ಥದ ಪದವಿತ್ತು. ಆಮೇಲೆ ಅದನ್ನು ತೆಗೆದು ಇನ್ನೊಂದು ಜರ್ಮನ್ ಪದ ಹಾಕಿದರು. ನನ್ನ ಮಟ್ಟಿಗೆ ಆ ಪದಕ್ಕೆ ಇಂಗ್ಲಿಷಿಗಿಂತ ಕನ್ನಡವೇ ಚೆನ್ನಾಗಿ ಹೊಂದುತ್ತದೆ: ‘ಇರಿಸುಮುರಿಸು’. ನಾಗರಿಕತೆಯೊಳಗೆ ಮನುಷ್ಯನಿಗಿರುವ ಇರಿಸುಮುರಿಸು. ಗೋಳಾಟವಲ್ಲ, ದುರಂತವಲ್ಲ, ಎಲ್ಲ ಇದ್ದೂ ಕೂತಲ್ಲಿ ಕೂರಲಾಗದ ಸ್ಥಿತಿ.

ಫ್ರಾಯ್ಡ್‌ರ ವಿಚಾರಕ್ಕೆ ಹೋಗುವ ಮೊದಲು ಒಂದು ಸುಲಭ ಪ್ರಯೋಗ. ಮನೆಯಲ್ಲಿ ಮೂರು ಬೋಗುಣಿ ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಕೈ ತಾಳುವಷ್ಟು ಬಿಸಿನೀರು, ನಡುವಿನದರಲ್ಲಿ ಉಗುರುಬೆಚ್ಚನೆಯ ನೀರು. ಎಡಗೈಯನ್ನು ತಣ್ಣೀರಿನಲ್ಲೂ ಬಲಗೈಯನ್ನು ಬಿಸಿನೀರಿನಲ್ಲೂ ಒಂದು ನಿಮಿಷ ಇಟ್ಟು, ಎರಡನ್ನೂ ಒಟ್ಟಿಗೆ ನಡುವಿನ ಬೋಗುಣಿಗೆ ಹಾಕಿ. ಅದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಂಪು! ನಮ್ಮ ಚರ್ಮ ಉಷ್ಣಮಾಪಕದ ಹಾಗಲ್ಲ. ಅದು ಬದಲಾವಣೆಯನ್ನು ಅಳೆಯುತ್ತದೆ. ಸುಖವೂ ಹಾಗೆಯೇ ಎಂಬುದು ಫ್ರಾಯ್ಡ್‌ರ ಮೊದಲ ಮಾತು. ತೀವ್ರವಾದ ಸುಖ ನಮಗೆ ಸಿಗುವುದು ಹಿಂದಿನ ಸ್ಥಿತಿಯೊಡನೆ ಇರುವ ವ್ಯತ್ಯಾಸದಿಂದ. ಅದೇ ಸ್ಥಿತಿ ಮುಂದುವರಿದರೆ ಉಳಿಯುವುದು ಸಾಧಾರಣ ಹಿತ ಮಾತ್ರ. ನಾಲೆಗೆ ಮೊದಲ ಸಲ ನೀರು ಬಂದ ದಿನ ಗದ್ದೆಯ ಬದುವಿನಲ್ಲಿ ನಿಂತವನ ಸಂತೋಷ ಅವನ ಮೊಮ್ಮಗನಿಗೆ ಸಿಗುವುದಿಲ್ಲ. ಮೊಮ್ಮಗನಿಗೆ ನೀರು ಇರುವುದು ಸಹಜ, ಇಲ್ಲದಿರುವುದಷ್ಟೇ ಸುದ್ದಿ.

ಹುಟ್ಟಿದ ಮಗುವಿನ ಮನಸ್ಸನ್ನು ಆಳುವುದು ಸುಖತತ್ತ್ವ. ಬೇಕೆನಿಸಿದ್ದು ಈಗಲೇ ಬೇಕು, ನೋವು ಒಡನೆಯೇ ಹೋಗಬೇಕು. ಆದರೆ ಲೋಕ ಹಾಗೆ ನಡೆಯುವುದಿಲ್ಲ. ಆಲೆಮನೆಗೆ ಹೋದ ಮಗು ಕೊಪ್ಪರಿಗೆಯಿಂದ ಆಗತಾನೆ ಸುರಿದ ಬೆಲ್ಲಕ್ಕೆ ಬೆರಳಿಟ್ಟು ಸುಟ್ಟುಕೊಳ್ಳುತ್ತದೆ. ಮುಂದಿನ ಸಲ ಆರುವ ತನಕ ಕಾಯುತ್ತದೆ. ಆಸೆ ಹೋಗಿಲ್ಲ, ಬೆಲ್ಲವೂ ಸಿಗುತ್ತದೆ, ಆದರೆ ಸ್ವಲ್ಪ ತಡವಾಗಿ. ಹೀಗೆ ಸುಖವನ್ನು ಮುಂದೂಡಲು ಕಲಿಯುವುದಕ್ಕೆ ಫ್ರಾಯ್ಡ್ ವಾಸ್ತವತತ್ತ್ವ ಎಂದು ಹೆಸರಿಟ್ಟರು. ಇವೆರಡು ತತ್ತ್ವಗಳನ್ನು ಕುರಿತ ಅವರ ಲೇಖನ ಬಂದದ್ದು 1911ರಲ್ಲಿ. ಕನ್ನಂಬಾಡಿಯ ಕೆಲಸ ಶುರುವಾದ ವರ್ಷವೇ. ಕಾಕತಾಳೀಯ ಅಷ್ಟೆ, ಆದರೂ ನೆನಪಿಟ್ಟುಕೊಳ್ಳಲು ಅನುಕೂಲ. ಅಣೆಕಟ್ಟೆ ಎಂದರೂ ಅದೇ ತಾನೆ? ಇಂದು ಹರಿದುಹೋಗುವ ನೀರನ್ನು ನಾಳೆಗೆ ಹಿಡಿದಿಡುವುದು.

ನಾಗರಿಕತೆಯೆಲ್ಲ ಈ ಮುಂದೂಡಿಕೆಯ ಮೇಲೆ ನಿಂತಿದೆ. ಬೀಜವನ್ನು ತಿಂದುಬಿಡದೆ ಬಿತ್ತಬೇಕು. ಸಿಟ್ಟು ಬಂದೊಡನೆ ಹೊಡೆಯದೆ ಪಂಚಾಯಿತಿಗೆ ಹೇಳಬೇಕು. ಪ್ರತಿಫಲವಾಗಿ ನಾಗರಿಕತೆ ನಮಗೆ ಕೊಡುವುದು ರಕ್ಷಣೆ. ಒಂದಿಷ್ಟು ಸುಖವನ್ನು ಕೊಟ್ಟು ಒಂದಿಷ್ಟು ಭದ್ರತೆಯನ್ನು ಕೊಳ್ಳುವ ವ್ಯಾಪಾರ ಇದು ಎನ್ನುತ್ತಾರೆ ಫ್ರಾಯ್ಡ್.

ಹಾಗಾದರೆ ದುಃಖ ಬರುವುದು ಎಲ್ಲಿಂದ? ಅವರು ಮೂರು ಮೂಲಗಳನ್ನು ಹೇಳುತ್ತಾರೆ. ಮುಪ್ಪು, ರೋಗಗಳಿಗೆ ಈಡಾಗುವ ನಮ್ಮ ದೇಹ. ನಮ್ಮ ಮೇಲೆ ಎರಗುವ ಹೊರಗಿನ ಪ್ರಕೃತಿ. ಮತ್ತು ಇತರ ಮನುಷ್ಯರೊಡನೆ ನಮ್ಮ ಸಂಬಂಧಗಳು. ಮೊದಲ ಎರಡನ್ನು ವಿಜ್ಞಾನ ಸಾಕಷ್ಟು ಹತೋಟಿಗೆ ತಂದಿದೆ. ನಾಲೆಯ ನೀರಿನೊಡನೆ ಮಲೇರಿಯದ ಸೊಳ್ಳೆಯೂ ಬಂತು, ಅದಕ್ಕೂ ಔಷಧಿ ಬಂತು. ಮೂರನೆಯದು ಹಾಗೆಯೇ ಉಳಿಯಿತು. ಫ್ರಾಯ್ಡ್‌ರ ಪ್ರಕಾರ ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಈ ಮೂರನೆಯದೇ. ಬರಗಾಲ ಬಂದರೆ ಸಹಿಸುತ್ತೇವೆ. ಪಕ್ಕದವನಿಗೆ ನೀರು ಸಿಕ್ಕಿ ನಮಗೆ ಸಿಗದಿದ್ದರೆ ಸಹಿಸುವುದು ಕಷ್ಟ.

ವಿಶ್ವೇಶ್ವರಯ್ಯ ನಾಲೆಯ ತಲೆಭಾಗದಿಂದ ಮದ್ದೂರು, ಮಳವಳ್ಳಿಗಳ ಕಡೆಗೆ ಬಂದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಈ ಎರಡು ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನಾಲೆಯ ಕೊನೆಯಂಚಿನವು. ಮೇಲಿನವರು ಗದ್ದೆ ತುಂಬಿಸಿಕೊಂಡು ಬಿಟ್ಟ ನೀರು ಇವರದು. ಕಟ್ಟೆಯಲ್ಲಿ ಮಟ್ಟ ಇಳಿದ ವರ್ಷ ಅದೂ ಅನುಮಾನ. ಚಿತ್ರೀಕರಣಕ್ಕೆಂದು ಕೊನೆಯ ತೂಬಿನ ಬಳಿ ಕ್ಯಾಮೆರಾ ಇಟ್ಟು ಕುಳಿತರೆ ಸಿಗುವುದು ಹೆಚ್ಚಾಗಿ ಮಾತು, ನೀರಲ್ಲ! ಆದರೆ ಆ ಮಾತನ್ನು ಗಮನವಿಟ್ಟು ಕೇಳಿ. ನಾಲೆಯೇ ಇಲ್ಲದ ಊರಿನವನು ಮಳೆಯ ಬಗ್ಗೆ ಮಾತಾಡುತ್ತಾನೆ. ನಾಲೆಯ ಕೊನೆಯವನು ಮೇಲಿನವರ ಬಗ್ಗೆ, ಎಂಜಿನಿಯರ ಬಗ್ಗೆ, ರಾತ್ರಿ ತೂಬು ಎತ್ತಿದವನ ಬಗ್ಗೆ ಮಾತಾಡುತ್ತಾನೆ. ಪ್ರಕೃತಿಯಿಂದ ಬರುತ್ತಿದ್ದ ಕಷ್ಟ ಈಗ ಮನುಷ್ಯರಿಂದ ಬರುವ ಕಷ್ಟವಾಗಿದೆ. ಎರಡನೆಯ ಮೂಲವನ್ನು ಮುಚ್ಚಿದಾಗ ಅದರ ಹರಿವು ಮೂರನೆಯದಕ್ಕೆ ತಿರುಗಿತು.

ಅಕ್ಕಪಕ್ಕದ ಜನರೇ, ಎಲ್ಲದರಲ್ಲೂ ಒಂದೇ ಬಗೆಯವರೇ, ಸಣ್ಣ ವ್ಯತ್ಯಾಸಗಳನ್ನು ಹಿಡಿದು ಒಬ್ಬರನ್ನೊಬ್ಬರು ದ್ವೇಷಿಸುವುದನ್ನೂ ಫ್ರಾಯ್ಡ್ ಗಮನಿಸಿದ್ದರು. ಸ್ಪೇನಿನವರು ಮತ್ತು ಪೋರ್ಚುಗೀಸರು ಅವರ ಉದಾಹರಣೆ. 1991ರಲ್ಲಿ, ಮತ್ತೆ 2016ರಲ್ಲಿ ಕಾವೇರಿ ನೀರಿನ ವಿಷಯಕ್ಕೆ ನಮ್ಮಲ್ಲಿ ನಡೆದ ಗಲಭೆಗಳಲ್ಲಿ ಕಂಡದ್ದು ಇದೇ ಎಂದು ಹೇಳಿಬಿಡಬಹುದಿತ್ತು. ನಾನು ಹೇಳುವುದಿಲ್ಲ. ನೀರಿನ ಕೊರತೆ ಮನಸ್ಸಿನ ಭ್ರಮೆಯಲ್ಲ. ಅದು ಅಡಿ ಮತ್ತು ಟಿ.ಎಂ.ಸಿ.ಗಳಲ್ಲಿ ಅಳೆಯಬಹುದಾದದ್ದು. ಆದರೆ ನೀರಿಗೂ ತನಗೂ ಸಂಬಂಧವೇ ಇಲ್ಲದ ಊರಿನಲ್ಲಿ ಯಾರದೋ ಅಂಗಡಿಯ ಮೇಲೆ ಕಲ್ಲು ಬಿದ್ದಾಗ, ಆ ಕಲ್ಲಿಗೆ ವಿವರಣೆ ಬೇಕಾದರೆ ಫ್ರಾಯ್ಡ್ ನೆನಪಾಗುತ್ತಾರೆ.

ವಿಯೆನ್ನಾದಿಂದ ಮಂಡ್ಯಕ್ಕೆ ನೇರವಾದ ಒಂದು ಎಳೆಯೂ ಇದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1922ರಲ್ಲಿ ಫ್ರಾಯ್ಡ್‌ರ ಊರಿನಲ್ಲೇ ಹುಟ್ಟಿದವರು. 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡಾಗ ಯಹೂದಿಯಾದ ಅವರು ಊರು ಬಿಟ್ಟು, ಕೊನೆಗೆ ಇಂಗ್ಲೆಂಡ್ ಸೇರಿದರು. 1954ರಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಿಗೆ ಬಂದು, 1956ರವರೆಗೆ ಅಲ್ಲಿನ ಜೀವನವನ್ನು ಅಭ್ಯಾಸ ಮಾಡಿದರು. ಹಳ್ಳಿಗಳ ನಿಜ ಹೆಸರನ್ನು ಮರೆಸಿ ‘ವಂಗಲ’, ‘ದಲೇನ’ ಎಂದು ಕರೆದರು. ವಂಗಲಕ್ಕೆ ನಾಲೆಯ ನೀರು ಬಂತು. ದಲೇನ ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ನೀವು ಊಹಿಸಬಹುದು. ಎಪ್‌ಸ್ಟೈನ್ ಕಂಡದ್ದು ಅದರ ತಿರುಗುಮುರುಗು. ವಂಗಲದವರಿಗೆ ಹಣ ಬಂತು, ಆದರೆ ಬೇಸಾಯವೇ ಮುಂದುವರಿದ ಕಾರಣ ಹಳೆಯ ಯಜಮಾನಿಕೆ, ಜಾತಿಯ ಕಟ್ಟು ಹೆಚ್ಚು ಕದಲಲಿಲ್ಲ. ದಲೇನದವರು ನೀರಿಲ್ಲದ್ದರಿಂದಲೇ ಮಂಡ್ಯದ ಕಡೆ ಮುಖ ಮಾಡಿ, ಕೆಲಸ, ವ್ಯಾಪಾರ, ಕಂಟ್ರಾಕ್ಟು ಹಿಡಿದರು. ಅಲ್ಲಿ ಹಳೆಯ ಸಂಬಂಧಗಳು ಸಡಿಲವಾದವು. ವಂಗಲದ ಹೊಸ ಹಣ ಹೋದದ್ದು ಎಲ್ಲಿಗೆ? ಮನೆಗಳಿಗೆ, ಮದುವೆಗಳಿಗೆ. ಒಬ್ಬರು ಮಾಡಿದ ಮದುವೆಯನ್ನು ಮೀರಿಸಿ ಇನ್ನೊಬ್ಬರು ಮಾಡಬೇಕು. 1970ರಲ್ಲಿ ಅವರು ಮತ್ತೆ ಬಂದಾಗ ಇನ್ನೂ ದೊಡ್ಡ ಬದಲಾವಣೆ ಕಾಣಿಸಿತು. ಹಿಂದೆ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಡುತ್ತಿದ್ದರು. ಈಗ ಅನುಕೂಲಸ್ಥರಲ್ಲಿ ಹೆಣ್ಣಿನ ಕಡೆಯವರು ಗಂಡಿಗೆ ವರದಕ್ಷಿಣೆ ಕೊಡುವ ರೂಢಿ ಹೊಕ್ಕಿತ್ತು. ಹೆಣ್ಣು ಹೊಲದ ಕೆಲಸ ಬಿಟ್ಟು ಮನೆಯಲ್ಲಿರುವುದು ಪ್ರತಿಷ್ಠೆಯಾದಾಗ ಅವಳ ದುಡಿಮೆಗೆ ಬೆಲೆ ಹೋಯಿತು. ಬಡತನ ತಂದಿರದ ಒಂದು ದುಃಖವನ್ನು ಸಮೃದ್ಧಿ ತಂದಿತು! ಎಪ್‌ಸ್ಟೈನ್ ಮನೋವಿಶ್ಲೇಷಕಿಯಲ್ಲ, ಫ್ರಾಯ್ಡ್‌ರ ವಾದವನ್ನು ಸಾಧಿಸಲು ಬಂದವರೂ ಅಲ್ಲ. ಹಾಗಾಗಿಯೇ ಅವರ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಈಗ ಕಬ್ಬಿಗೆ ಬರೋಣ. ಭತ್ತ ನಾಲ್ಕೈದು ತಿಂಗಳ ಬೆಳೆ. ಬೆಲೆ ಬರದಿದ್ದರೆ ಮನೆಗೆ ತಂದು ಉಣ್ಣಬಹುದು. ಕಬ್ಬಿಗೆ ಸುಮಾರು ಹನ್ನೆರಡು ತಿಂಗಳು ಬೇಕು. ಕಡಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಅದರೊಳಗಿನ ಸುಕ್ರೋಸು ಗ್ಲೂಕೋಸು, ಫ್ರಕ್ಟೋಸುಗಳಾಗಿ ಒಡೆಯತೊಡಗುತ್ತದೆ, ಹರಳುಗಟ್ಟುವ ಸಕ್ಕರೆ ದಿನದಿನಕ್ಕೆ ಕಡಿಮೆಯಾಗುತ್ತದೆ. ಬೇಗ ಕಾರ್ಖಾನೆಗೋ ಆಲೆಮನೆಗೋ ಹೋಗಲೇಬೇಕು. ಅಂದರೆ ಕಬ್ಬು ಬೆಳೆಯುವವನು ಒಂದು ವರ್ಷದ ಸುಖವನ್ನು ಮುಂದೂಡಿ, ಕೊನೆಗೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಾಯುತ್ತಾನೆ. ಕಬ್ಬು ತಲುಪಿದ 14 ದಿನಗಳಲ್ಲಿ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಾಗರಿಕತೆ ಎಂಬ ವ್ಯಾಪಾರದ ಇನ್ನೊಂದು ಪಕ್ಷದವರ ಮಾತು ಅದು.

2015ರ ಮಧ್ಯಭಾಗದಲ್ಲಿ ಆ ಮಾತು ನಡೆಯಲಿಲ್ಲ. ಸಕ್ಕರೆಯ ಬೆಲೆ ಕುಸಿದಿತ್ತು, ಕಾರ್ಖಾನೆಗಳು ರೈತರಿಗೆ ಕೊಡಬೇಕಾದ ಬಾಕಿ ಬೆಳೆದಿತ್ತು, ಕೈಸಾಲದ ಬಡ್ಡಿ ಏರುತ್ತಿತ್ತು. ಕರ್ನಾಟಕದಲ್ಲಿ ರೈತರು ಜೀವ ಕಳೆದುಕೊಂಡ ಸುದ್ದಿಗಳು ಒಂದರ ಮೇಲೊಂದು ಬಂದವು. ಅತಿ ಹೆಚ್ಚು ಸಾವುಗಳನ್ನು ಕಂಡ ಜಿಲ್ಲೆಗಳಲ್ಲಿ ನೀರಾವರಿಯ ಮಂಡ್ಯವೂ ಇತ್ತು.

ಇಲ್ಲಿ ಫ್ರಾಯ್ಡ್‌ರ ಒಂದು ಸೂಕ್ಷ್ಮವಾದ ವಿಚಾರವನ್ನು ನೋಡಬೇಕು. ಮಗು ಮೊದಲು ಹೆದರುವುದು ತಂದೆತಾಯಿಗಳ ಗದರಿಕೆಗೆ. ಬೆಳೆಯುತ್ತ ಆ ಗದರಿಕೆಯನ್ನು ತನ್ನೊಳಗೇ ಕೂರಿಸಿಕೊಳ್ಳುತ್ತದೆ. ಈ ಒಳಗಿನ ತೀರ್ಪುಗಾರನಿಗೆ ನಮ್ಮ ಮನಶ್ಶಾಸ್ತ್ರದ ಪುಸ್ತಕಗಳು ‘ಪರಾಹಂ’ ಎನ್ನುತ್ತವೆ. ಹೊರಗಿನವರ ಕಣ್ಣು ತಪ್ಪಿಸಬಹುದು, ಇವನ ಕಣ್ಣು ತಪ್ಪಿಸಲಾಗುವುದಿಲ್ಲ. ಹೊರಗೆ ತೋರಿಸಲಾಗದ ಸಿಟ್ಟೆಲ್ಲ ಇವನ ಕೈಗೆ ಸೇರಿ ನಮ್ಮ ಮೇಲೆಯೇ ತಿರುಗುತ್ತದೆ. ವಿಚಿತ್ರವೆಂದರೆ, ಒಳ್ಳೆಯವರ ಮೇಲೆಯೇ ಇವನ ದರ್ಪ ಹೆಚ್ಚು. ಇನ್ನೂ ವಿಚಿತ್ರವೆಂದರೆ, ಕೆಟ್ಟ ಕಾಲ ಬಂದಾಗ ಇವನು ಸುಮ್ಮನಿರುವುದಿಲ್ಲ, ಮತ್ತಷ್ಟು ಕಠಿಣನಾಗುತ್ತಾನೆ. ‘ನಿನಗೆ ಹೀಗಾಗಿದೆ ಎಂದರೆ ತಪ್ಪು ನಿನ್ನದೇ’ ಎಂಬುದು ಇವನ ತರ್ಕ. ಆದಿವಾಸಿ ಮನುಷ್ಯ ಕಷ್ಟ ಬಂದಾಗ ತನ್ನನ್ನು ಬೈದುಕೊಳ್ಳದೆ, ಕೆಲಸ ಮಾಡದ ವಿಗ್ರಹಕ್ಕೇ ಏಟು ಕೊಡುತ್ತಾನೆ ಎಂದು ಫ್ರಾಯ್ಡ್ ಹೋಲಿಸುತ್ತಾರೆ. ಅದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಮಳೆ ಹೋದರೆ ಗುಡಿಯ ಮುಂದೆ ನಿಂತು ದೇವರನ್ನೇ ದಬಾಯಿಸುವ ಅಜ್ಜಿಯರು ನಮ್ಮಲ್ಲಿದ್ದಾರೆ. ನಗಬೇಡಿ. ಸಿಟ್ಟನ್ನು ಹೊರಗೆ ಕಳಿಸಲು ಅವರಿಗೊಂದು ದಾರಿ ಇತ್ತು.

ಬಾಕಿ ಕೊಡದವರು ಬೇರೆಯವರು. ಆದರೆ ಸಾಲಗಾರನ ಎದುರು ತಲೆ ತಗ್ಗಿಸುವವನು ರೈತ. ಊರಿನ ಮಾನ, ಮರ್ಯಾದೆಯ ಕಣ್ಣು ಮತ್ತು ಒಳಗಿನ ತೀರ್ಪುಗಾರನ ಕಣ್ಣು ಒಂದಾದಾಗ, ಹೊರಗಿನ ಲೆಕ್ಕದ ತಪ್ಪು ಒಳಗಿನ ಅಪರಾಧವಾಗಿ ಕಾಣತೊಡಗುತ್ತದೆ. ಪ್ರತಿ ಸಾವಿನ ಹಿಂದೆಯೂ ಇದೇ ನಡೆದಿದೆ ಎಂದು ಯಾರೂ ಹೇಳಲಾರರು. ಅನಾರೋಗ್ಯ, ಸಂಸಾರದ ಕಷ್ಟ, ಮದ್ಯ, ಒಂಟಿತನ ಎಲ್ಲ ಸೇರಿರುತ್ತವೆ. ರೈತನಿಗೆ ಸಲಹೆಗಾರರನ್ನು ಕಳಿಸಿದರೆ ಸಾಕು ಎಂದೂ ಇದರರ್ಥವಲ್ಲ. ಮೊದಲು ಬಾಕಿ ಕೊಡಬೇಕು. ದುಃಖದ ಮೂರನೆಯ ಮೂಲ ಮನುಷ್ಯರೇ ಮಾಡಿಕೊಂಡ ವ್ಯವಸ್ಥೆಗಳಲ್ಲಿದೆ ಎಂದು ಫ್ರಾಯ್ಡ್ ಹೇಳಿದ್ದನ್ನು ಅವರ ಹೆಸರು ಹೇಳುವವರೇ ಎಷ್ಟೋ ಸಲ ಮರೆಯುತ್ತಾರೆ.

ಇದನ್ನು ನಿಮಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ನೀವೂ ಒಂದು ಬಗೆಯ ಕಬ್ಬಿನ ಬೆಳೆಗಾರರೇ. ಈಗ ಓದು, ಆಟ ಆಮೇಲೆ; ಈಗ ಓದು, ಸಿನಿಮಾ ಆಮೇಲೆ; ಎಸ್.ಎಸ್.ಎಲ್.ಸಿ. ಮುಗಿಯಲಿ, ಪಿ.ಯು.ಸಿ. ಮುಗಿಯಲಿ. ಹನ್ನೆರಡು ತಿಂಗಳಲ್ಲ, ಹನ್ನೆರಡು ವರ್ಷದ ಮುಂದೂಡಿಕೆ. ಕೊನೆಗೆ ಬೆಳೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಫಲಿತಾಂಶಕ್ಕೆ ಕಾಯುವುದು. ಅಂಕ ಕಡಿಮೆ ಬಂದ ದಿನ ಒಳಗಿನ ತೀರ್ಪುಗಾರ ಕಲಾಪ ಆರಂಭಿಸುತ್ತಾನೆ. ಅವನ ಒಂದು ತಂತ್ರವನ್ನು ಗುರುತಿಸಿಕೊಳ್ಳಿ. ‘ಈ ಲೆಕ್ಕ ತಪ್ಪಾಯಿತು’ ಎಂಬುದರಿಂದ ಶುರುಮಾಡಿ ‘ನೀನೇ ತಪ್ಪು’ ಎಂಬಲ್ಲಿಗೆ ಒಂದೇ ನೆಗೆತದಲ್ಲಿ ಹೋಗುತ್ತಾನೆ. ಮೊದಲನೆಯದು ಪರಿಶೀಲಿಸಬಹುದಾದ ಸಂಗತಿ. ಎರಡನೆಯದು ಅವನ ಬೈಗುಳ. ಊರಿನ ಶಾಲೆಯಲ್ಲಿ ಗಣಿತದ ಮೇಷ್ಟರೇ ಇರಲಿಲ್ಲ ಎಂಬುದನ್ನು ಅವನು ದಾಖಲೆಗೆ ತೆಗೆದುಕೊಳ್ಳುವುದೇ ಇಲ್ಲ. ಮನೆಯವರು, ಗೆಳೆಯರು, ಮೇಷ್ಟರು, ಯಾರೊಡನೆಯಾದರೂ ಆ ಮಾತನ್ನು ಬಾಯಿಬಿಟ್ಟು ಹೇಳಿದರೆ ಅವನ ತರ್ಕದ ಹುಳುಕು ಕೇಳುವವರಿಗಿಂತ ಮೊದಲು ಹೇಳುವವರಿಗೇ ಗೊತ್ತಾಗುತ್ತದೆ. ಬದುಕೇ ಬೇಡವೆನಿಸುವಷ್ಟು ಭಾರವಾದರೆ ಕಾಯಬಾರದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಅಂದಹಾಗೆ, ಫ್ರಾಯ್ಡ್‌ರ ಚಿಕಿತ್ಸೆಯೆಲ್ಲ ಮಾತಿನದೇ. ರೋಗಿ ಮನಸ್ಸಿಗೆ ಬಂದದ್ದನ್ನು ಹೇಳುತ್ತ ಹೋಗುವುದು, ವೈದ್ಯರು ಕೇಳುವುದು. ಮಾತಿನ ಕಾರ್ಯಕ್ರಮ ಮಾಡಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಇಷ್ಟವಾದರೆ ಆಶ್ಚರ್ಯವಿಲ್ಲ. ನಮ್ಮ ವೃತ್ತಿಗೂ ಮನಶ್ಶಾಸ್ತ್ರಕ್ಕೂ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ನಡೆಸಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕನ್ನಡದಲ್ಲಿ ಈ ವಿಷಯ ಓದಬಯಸುವವರು ಡಾ. ಎಂ. ಶಿವರಾಂ ಅವರ ‘ಮನ ಮಂಥನ’ವನ್ನು ಗ್ರಂಥಾಲಯದಲ್ಲಿ ಹುಡುಕಿ. ‘ಕೊರವಂಜಿ’ ಪತ್ರಿಕೆಯಿಂದ ನಾಡನ್ನು ನಗಿಸಿದ ‘ರಾಶಿ’ ಇವರೇ. ಈ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ವಿಜ್ಞಾನ ಓದುವ ನೀವು ಒಂದು ಆಕ್ಷೇಪ ಎತ್ತಬೇಕು, ಎತ್ತದಿದ್ದರೆ ನನಗೆ ನಿರಾಶೆ: ಇದಕ್ಕೆಲ್ಲ ಪ್ರಮಾಣವೇನು? ಪರಾಹಂ ಅನ್ನು ಸೂಕ್ಷ್ಮದರ್ಶಕದಲ್ಲಿ ಕಂಡವರಿಲ್ಲ. ಎಂಥ ಘಟನೆ ನಡೆದರೂ ಅದಕ್ಕೆ ಹೊಂದುವಂತೆ ವಿವರಣೆ ಕೊಡುವ ಸಿದ್ಧಾಂತ ವಿಜ್ಞಾನವಲ್ಲ ಎಂದು ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್ ಫ್ರಾಯ್ಡ್‌ರನ್ನು ಟೀಕಿಸಿದರು. ಅವರೂ ವಿಯೆನ್ನಾದವರೇ. ಮನುಷ್ಯನಲ್ಲಿ ಹುಟ್ಟಿನಿಂದಲೇ ಒಂದು ‘ಮರಣ ಪ್ರವೃತ್ತಿ’ ಇದೆ ಎಂಬ ಫ್ರಾಯ್ಡ್‌ರ ವಾದವನ್ನು ಅವರ ಶಿಷ್ಯರಲ್ಲೇ ಅನೇಕರು ಒಪ್ಪಲಿಲ್ಲ. ನನಗೂ ಅದು ಆಧಾರಕ್ಕಿಂತ ಹೆಚ್ಚು ಭಾರ ಹೊತ್ತ ಊಹೆ ಎನಿಸುತ್ತದೆ. 1922ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಅವರು, ನಮ್ಮ ರೋಗಿಗಳ ಮನಸ್ಸು ಯುರೋಪಿನವರ ಹಾಗೆಯೇ ಇಲ್ಲ ಎಂದು ಫ್ರಾಯ್ಡ್‌ರಿಗೇ ಪತ್ರ ಬರೆದು ವಾದಿಸಿದರು. ವಾದ ಮಾಡಿದ ಸಂಘವೇ 1931ರಲ್ಲಿ ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ದಂತದ ವಿಷ್ಣುವಿನ ವಿಗ್ರಹವನ್ನೂ ಕಳಿಸಿಕೊಟ್ಟಿತು.

ಅದೇ 1931ರಲ್ಲಿ ಪುಸ್ತಕದ ಎರಡನೆಯ ಮುದ್ರಣ ಬಂತು. ಮೊದಲ ಮುದ್ರಣ ಮುಗಿದದ್ದು ಒಂದು ಆಶಯದೊಡನೆ: ಮನುಷ್ಯರನ್ನು ಕೂಡಿಸುವ ಶಕ್ತಿ, ಒಡೆಯುವ ಶಕ್ತಿಯ ಎದುರು ತಲೆಯೆತ್ತಬಹುದು ಎಂದು. ಅಷ್ಟರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಪಕ್ಷ ಬೆಳೆಯುತ್ತಿತ್ತು. ಫ್ರಾಯ್ಡ್ ಕೊನೆಗೆ ಒಂದೇ ಒಂದು ವಾಕ್ಯ ಸೇರಿಸಿದರು. ಗೆಲ್ಲುವುದು ಯಾವುದು ಎಂದು ಯಾರು ತಾನೆ ಮುಂಗಾಣಬಲ್ಲರು ಎಂಬ ಅರ್ಥದ ಪ್ರಶ್ನೆ ಅದು. 1938ರ ಜೂನ್‌ನಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಅವರೂ ವಿಯೆನ್ನಾ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಮರುವರ್ಷ ಅಲ್ಲಿಯೇ ತೀರಿಕೊಂಡರು.